ಹೊಸ ಮನೆಯ ಕರೆಂಟ್ ಡಬ್ಬಿ: ಮೊದಲ ದಿನವೇ ನೋಡಿಟ್ಟುಕೊಳ್ಳಿ

ಮನೆಯ ಕೀಲಿ ಕೈಗೆ ಬಂದ ದಿನ ಎಲ್ಲರೂ ನಲ್ಲಿ ತಿರುಗಿಸುತ್ತಾರೆ, ಒಲೆ ಹಚ್ಚಿ ನೋಡುತ್ತಾರೆ. ಕರೆಂಟ್ ಡಬ್ಬಿ ಎಲ್ಲಿದೆ ಅಂತ ಕೇಳುವವರು ಕಡಿಮೆ. ಆಮೇಲೆ ಒಂದು ರಾತ್ರಿ, ಊರಿಗೆ ಹೊಸದಾಗಿ ಬಂದವರಿಗೆ ನೆರವಾಗುವ ನಮ್ಮ ಸಂಘಕ್ಕೆ ಫೋನ್ ಬರುತ್ತದೆ: "ಅರ್ಧ ಮನೆಗೆ ಕರೆಂಟ್ ಇಲ್ಲ, ಏನು ಮಾಡೋದು?" ಡಿಬಿ ಎಲ್ಲಿದೆ ಅಂದರೆ ಆ ಕಡೆ ಸದ್ದೇ ಇರುವುದಿಲ್ಲ.

ಡಿಬಿ ಅಂದರೆ ಡಿಸ್ಟ್ರಿಬ್ಯೂಷನ್ ಬಾಕ್ಸ್. ಮೀಟರ್‌ನಿಂದ ಬಂದ ಕರೆಂಟನ್ನು ಕೋಣೆ ಕೋಣೆಗೆ ಹಂಚುವ ಡಬ್ಬಿ. ಮುಂಬಾಗಿಲ ಹಿಂದೆ, ಮೆಟ್ಟಿಲ ಕೆಳಗೆ, ಬಟ್ಟೆ ಕಪಾಟಿನ ಒಳಗೆ, ನೆಲಮಾಳಿಗೆಯಲ್ಲಿ, ಎಲ್ಲಿ ಬೇಕಾದರೂ ಇರಬಹುದು. ಅಪಾರ್ಟ್‌ಮೆಂಟ್ ಆದರೆ ಹೊರಗಡೆ ಮೀಟರ್ ಪಕ್ಕದಲ್ಲಿ ಇನ್ನೊಂದು ಸ್ವಿಚ್ ಇರುವುದುಂಟು. ಮನೆ ಮಾಲೀಕರ ಹತ್ತಿರ ಎರಡನ್ನೂ ಕೇಳಿ. ಮೀಟರ್ ಕೋಣೆಯ ಕೀಲಿ ಯಾರ ಹತ್ತಿರ ಇರುತ್ತದೆ ಅನ್ನುವುದನ್ನೂ ಕೇಳಿ.

ಡಬ್ಬಿಯ ಬಾಗಿಲು ತೆರೆದರೆ ಸ್ವಿಚ್‌ಗಳ ಸಾಲು ಕಾಣುತ್ತದೆ. ಅಷ್ಟೇ ನಿಮ್ಮದು. ಸ್ಕ್ರೂ ಹಾಕಿದ ಒಳಗಿನ ಮುಚ್ಚಳ ನಿಮ್ಮದಲ್ಲ. ಮೇನ್ ಆಫ್ ಮಾಡಿದರೂ ಮೇನ್‌ಗೆ ಬರುವ ವೈರ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ.

ಸಾಲಿನಲ್ಲಿ ದೊಡ್ಡದಾಗಿ ಕಾಣುವುದು ಸಾಮಾನ್ಯವಾಗಿ ಮೇನ್ ಸ್ವಿಚ್. ಉಳಿದ ಪುಟ್ಟ ಸ್ವಿಚ್‌ಗಳು ಎಂಸಿಬಿ, ಬ್ರೇಕರ್ ಅಂದರೂ ಇವೇ. ಕರೆಂಟ್ ಮಿತಿ ಮೀರಿದರೆ ತಾವೇ ಆಫ್ ಆಗುತ್ತವೆ, ಅದನ್ನೇ ಬೀಳುವುದು ಅನ್ನುತ್ತಾರೆ. ಅವುಗಳ ಮೇಲೆ ಬಿ16, ಸಿ10 ಅಂತ ಏನಾದರೂ ಬರೆದಿರುತ್ತದೆ, ಅಥವಾ ಬರೀ 15, 20 ಅಂತ. ಆ ಸಂಖ್ಯೆ ಆಂಪಿಯರ್. ತುಂಬಾ ಜನ ಎಂಸಿಬಿ ಇರುವುದು ಟಿವಿ, ಫ್ರಿಜ್ ಕಾಯುವುದಕ್ಕೆ ಅಂದುಕೊಂಡಿದ್ದಾರೆ. ಅಲ್ಲ. ಅದು ಕಾಯುವುದು ಗೋಡೆಯೊಳಗಿನ ವೈರನ್ನು.

ಲೆಕ್ಕ ಹಾಕಿ ನೋಡಿ. 230 ವೋಲ್ಟ್ ಇರುವ ಕಡೆ 16 ಆಂಪಿಯರ್ ಅಂದರೆ 3,680 ವಾಟ್. ಅದೇ ಲೈನ್‌ನಲ್ಲಿ 2,000 ವಾಟ್ ಹೀಟರ್, 2,200 ವಾಟ್ ಕೆಟಲ್, 2,000 ವಾಟ್ ಇಸ್ತ್ರಿಪೆಟ್ಟಿಗೆ ಮೂರೂ ಓಡಿದರೆ 6,200 ವಾಟ್. 120 ವೋಲ್ಟ್ ಇರುವ ದೇಶದಲ್ಲಿ 15 ಆಂಪಿಯರ್ ಲೈನ್ ಹೊರುವುದೇ 1,800 ವಾಟ್, ಒಂದು ಹೀಟರ್‌ಗೇ ಹೆಚ್ಚುಕಡಿಮೆ ಮುಗಿಯಿತು. ಲೋಡ್ ಜಾಸ್ತಿಯಾದಾಗ ಎಂಸಿಬಿ ತಕ್ಷಣ ಬೀಳುವುದಿಲ್ಲ. ಒಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಇದೆ. ಅದು ಬಿಸಿಯಾಗಿ, ಬಾಗಿ, ಆಮೇಲೆ ಸ್ವಿಚ್ಚನ್ನು ಬೀಳಿಸುತ್ತದೆ. "ಈಗಷ್ಟೇ ಚೆನ್ನಾಗಿತ್ತು, ಸುಮ್ನೆ ಬಿತ್ತು" ಅಂತ ಅನ್ನಿಸುವುದು ಅದಕ್ಕೇ. ಶಾರ್ಟ್ ಆದರೆ ಮಾತ್ರ ತಡ ಮಾಡುವುದಿಲ್ಲ. ಒಳಗಿನ ಕಾಯಿಲ್ ಮ್ಯಾಗ್ನೆಟ್ ಆಗಿ ಎಳೆದು, ಕಣ್ಣು ಮಿಟುಕಿಸುವುದರೊಳಗೆ ಬೀಳಿಸುತ್ತದೆ.

"ಪದೇ ಪದೇ ಬೀಳುತ್ತಾ? 16 ತೆಗೆದು 32 ಹಾಕಿಸಿ" ಅಂತ ಸಲಹೆ ಕೊಡುವವರು ಸಿಕ್ಕೇ ಸಿಗುತ್ತಾರೆ. ಕೇಳಬೇಡಿ. ವೈರ್ 16ಕ್ಕೆ ತಕ್ಕಂತೆ ಹಾಕಿದ್ದಾಗಿದ್ದರೆ, 32 ಬೀಳುವ ಮೊದಲೇ ಗೋಡೆಯೊಳಗೆ ವೈರ್ ಕಾದು ಇನ್ಸುಲೇಶನ್ ಕರಗಬಹುದು. ಬೆಂಕಿ ಶುರುವಾಗುವುದು ಹಾಗೆ.

ಮನುಷ್ಯರನ್ನು ಕಾಯುವುದು ಬೇರೆ ಸಾಧನ. ಟೆಸ್ಟ್ ಅಥವಾ ಟಿ ಅನ್ನುವ ಪುಟ್ಟ ಬಟನ್ ಇರುವ ಅಗಲವಾದ ಸ್ವಿಚ್ ಹುಡುಕಿ. ಆರ್‌ಸಿಸಿಬಿ, ಆರ್‌ಸಿಡಿ, ಒಂದೊಂದು ಕಡೆ ಒಂದೊಂದು ಹೆಸರು. ಹೋದ ಕರೆಂಟ್ ಅಷ್ಟೇ ವಾಪಸ್ ಬರುತ್ತಿದೆಯಾ ಅಂತ ಇದು ಲೆಕ್ಕ ಇಡುತ್ತಿರುತ್ತದೆ. ಮನೆಗಳಲ್ಲಿ ಸಾಮಾನ್ಯವಾಗಿ 30 ಮಿಲಿಆಂಪಿಯರ್ ವ್ಯತ್ಯಾಸಕ್ಕೆ ಬೀಳುವಂಥದ್ದನ್ನು ಹಾಕಿರುತ್ತಾರೆ. ಶಾಕ್ ಹೊಡೆಯುವಾಗ ಮೈಯೊಳಗೆ ಹರಿಯುವ ಕರೆಂಟ್ 16 ಆಂಪಿಯರ್ ಎಂಸಿಬಿಗೆ ಗೊತ್ತೂ ಆಗುವುದಿಲ್ಲ, ಅಷ್ಟು ಕಡಿಮೆ. ಮೂರು ತಿಂಗಳಿಗೊಮ್ಮೆ ಟೆಸ್ಟ್ ಬಟನ್ ಒತ್ತಿ. ಬೀಳಬೇಕು. ಬೀಳದಿದ್ದರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಒತ್ತುವ ಮೊದಲು ಕಂಪ್ಯೂಟರ್ ಆಫ್ ಮಾಡಿ, ನನ್ನ ಹಾಗೆ ಅರ್ಧ ಬರೆದ ಕೆಲಸ ಕಳೆದುಕೊಳ್ಳಬೇಡಿ.

ಅಮೆರಿಕ, ಕೆನಡಾ ಕಡೆ ಈ ರಕ್ಷಣೆ ಹೆಚ್ಚಾಗಿ ಬಚ್ಚಲು, ಅಡುಗೆಮನೆಯ ಪ್ಲಗ್ ಪಾಯಿಂಟ್‌ನಲ್ಲೇ ಇರುತ್ತದೆ, ಜಿಎಫ್‌ಸಿಐ ಅನ್ನುತ್ತಾರೆ. ಡಬ್ಬಿಯಲ್ಲಿ ಯಾವುದೂ ಬಿದ್ದಿಲ್ಲ, ಪ್ಲಗ್ ಮಾತ್ರ ಸತ್ತಿದೆ ಅಂದರೆ ಹತ್ತಿರದ ಪಾಯಿಂಟ್‌ಗಳಲ್ಲಿ ರೀಸೆಟ್ ಬಟನ್ ಹುಡುಕಿ. ಎಷ್ಟೋ ಸಲ ಅದು ಇನ್ನೊಂದು ಬಚ್ಚಲಲ್ಲಿ ಸಿಗುತ್ತದೆ!

ಈಗ, ಬಿದ್ದರೆ ಏನು ಮಾಡಬೇಕು? ಒಣಗಿದ ಕೈ, ಒಣ ನೆಲ. ಆ ಲೈನ್‌ನ ಪ್ಲಗ್‌ಗಳನ್ನೆಲ್ಲ ಕಿತ್ತುಬಿಡಿ. ಒಂದೆರಡು ನಿಮಿಷ ಬಿಡಿ, ಪಟ್ಟಿ ತಣ್ಣಗಾಗಲಿ. ಕೆಲವು ಬ್ರೇಕರ್ ಬಿದ್ದಾಗ ನಡುವೆ ನಿಂತಿರುತ್ತವೆ, ನೋಡಿದರೆ ಆನ್ ಇದ್ದ ಹಾಗೇ ಕಾಣುತ್ತವೆ. ಅವನ್ನು ಮೊದಲು ಪೂರ್ತಿ ಆಫ್ ಕಡೆ ತಳ್ಳಿ, ಆಮೇಲೆ ಆನ್ ಮಾಡಿ. ನಿಂತರೆ ಒಂದೊಂದೇ ಸಾಮಾನು ಚುಚ್ಚುತ್ತಾ ಬನ್ನಿ. ಯಾವುದನ್ನು ಚುಚ್ಚಿದಾಗ ಬೀಳುತ್ತದೋ ಅದೇ ಕಳ್ಳ, ಇಲ್ಲವೇ ಎಲ್ಲ ಸೇರಿ ಲೋಡ್ ಜಾಸ್ತಿಯಾಗಿದೆ. ಎಲ್ಲ ಕಿತ್ತ ಮೇಲೂ ಬೀಳುತ್ತಿದ್ದರೆ ತೊಂದರೆ ವೈರಿಂಗ್‌ನಲ್ಲಿರಬಹುದು. ಮತ್ತೆ ಮತ್ತೆ ಎತ್ತಬೇಡಿ.

ಡಬ್ಬಿಯ ಚೀಟಿಗಳನ್ನು ನಂಬಬೇಡಿ. ನಮ್ಮ ಮೊದಲ ಬಾಡಿಗೆ ಮನೆಯಲ್ಲಿ "ಮಲಗುವ ಕೋಣೆ" ಅಂತ ಬರೆದಿದ್ದ ಎಂಸಿಬಿ ಆಫ್ ಮಾಡಿ ಬಲ್ಬ್ ಹೋಲ್ಡರ್ ಬದಲಾಯಿಸಲು ಹೊರಟೆ. ಸ್ವಿಚ್ ಒತ್ತಿದೆ, ದೀಪ ಹತ್ತಿತು. ಆಫ್ ಆಗಿದ್ದು ಫ್ರಿಜ್, ಗೊತ್ತಾಗಿದ್ದು ಬೆಳಿಗ್ಗೆ ಅಡುಗೆಮನೆಯಲ್ಲಿ ಕಾಲಿಗೆ ನೀರು ತಾಗಿದಾಗ. ಹಾಗಾಗಿ ಹಗಲು ಹೊತ್ತಲ್ಲಿ ಒಬ್ಬರು ಡಬ್ಬಿಯ ಹತ್ತಿರ, ಇನ್ನೊಬ್ಬರು ಟೇಬಲ್ ಲ್ಯಾಂಪ್ ಹಿಡಿದು ಕೋಣೆಗಳಲ್ಲಿ. ಒಂದೊಂದೇ ಇಳಿಸಿ, ಕೂಗಿ ಕೇಳಿ, ಬರೆದುಕೊಳ್ಳಿ. ಮಕ್ಕಳಿಗೆ ಈ ಕೆಲಸ ಭಾರಿ ಇಷ್ಟ. ಬ್ರೇಕರ್ ಮುಟ್ಟುವುದು ಮಾತ್ರ ದೊಡ್ಡವರೇ.

ಸುಟ್ಟ ವಾಸನೆ, ಗುಂಯ್ ಅನ್ನುವ ಸದ್ದು, ಕಪ್ಪು ಕಲೆ, ಕೈಗೆ ಬಿಸಿ ಹತ್ತುವ ಮುಚ್ಚಳ, ಇದರಲ್ಲಿ ಒಂದು ಕಂಡರೂ ಎಲೆಕ್ಟ್ರಿಷಿಯನ್ ಬೇಕು. ಹೊಗೆ ಅಥವಾ ಬೆಂಕಿ ಕಂಡರೆ ಮನೆ ಬಿಟ್ಟು ಹೊರಗೆ ಬಂದು ಅಗ್ನಿಶಾಮಕದವರನ್ನು ಕರೆಯಿರಿ. ಯಾರಿಗಾದರೂ ಶಾಕ್ ಹಿಡಿದಿದ್ದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್ ಆಫ್, ಆಮೇಲೆ ಆಂಬುಲೆನ್ಸ್.

ಅದಕ್ಕೆ ಮೇನ್‌ಗೆ ಕೈ ಎಟುಕಬೇಕಲ್ವಾ? ಖಾಲಿಯಾದ ಸೂಟ್‌ಕೇಸ್‌ಗಳನ್ನೆಲ್ಲ ಹೊಸಬರು ಪೇರಿಸಿಡುವ ಮೂಲೆ ಹೆಚ್ಚಾಗಿ ಡಬ್ಬಿಯ ಮುಂದೆಯೇ ಇರುತ್ತದೆ. ಅವನ್ನು ಮಂಚದ ಕೆಳಗೆ ತಳ್ಳಿ.