ಲಂಡನ್ ಪೊಲೀಸರು ಬೀದಿಯಲ್ಲಿ ತಡೆದರೆ

ಇಲ್ಲಿ ಬೀಟ್ ತಿರುಗುವ ಪೊಲೀಸರ ಸೊಂಟದಲ್ಲಿ ಪಿಸ್ತೂಲು ಇರುವುದಿಲ್ಲ. ಊರಿಂದ ಬಂದವರಿಗೆ ಇದು ಅಚ್ಚರಿ. ಇದರ ಹಿಂದೆ ಹಳೆಯ ಕತೆಯಿದೆ. 1819ರಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಫೀಲ್ಡ್ ಮೈದಾನದಲ್ಲಿ ಮತದ ಹಕ್ಕು ಕೇಳಲು ಸೇರಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದ್ದರು. ಆ ನೆನಪು ಮಾಸುವ ಮುಂಚೆ, 1829ರಲ್ಲಿ, ಗೃಹಮಂತ್ರಿ ರಾಬರ್ಟ್ ಪೀಲ್ ಲಂಡನ್ನಿಗೆ ಪೊಲೀಸ್ ದಳ ಕಟ್ಟಿದ. ಸೈನಿಕರ ಕೆಂಪು ಬೇಡವೆಂದು ನೀಲಿ ಕೋಟು ಕೊಟ್ಟ. ಲಾಠಿ ಕೋಟಿನೊಳಗೇ ಅಡಗಿರುತ್ತಿತ್ತು.

ಆದರೆ ಕಾವಲು ಯಾರ ಆಸ್ತಿಗೆ? 1798ರಲ್ಲೇ ವೆಸ್ಟ್ ಇಂಡೀಸ್ ವ್ಯಾಪಾರಿಗಳ ದುಡ್ಡಿನಿಂದ ಥೇಮ್ಸ್ ನದಿಗೆ ಪೊಲೀಸರು ಬಂದಿದ್ದರು. ಹಡಗಿನಿಂದ ಸರಕು ಇಳಿಸುವಾಗ ಚೆಲ್ಲಿದ ಸಕ್ಕರೆಯನ್ನು ಗುಡಿಸಿ ಮನೆಗೊಯ್ಯುವುದು ಕೂಲಿಗಳ ಪಾಲಿಗೆ ಹಳೆಯ ರೂಢಿ, ಸಂಬಳದ ಒಂದು ತುಣುಕು. ಅದೀಗ ಕಳ್ಳತನವಾಯಿತು. ಕಣದಲ್ಲಿ ಉಳಿದ ಕಾಳನ್ನು ಆಳುಗಳಿಗೆ ಬಿಡುವುದನ್ನು ಕಂಡ ನಮಗೆ ಆ ಮನೆಗಳ ಸಂಕಟ ಅರ್ಥವಾದೀತು.

1824ರ ವೇಗ್ರನ್ಸಿ (ಅಲೆಮಾರಿತನ) ಕಾಯ್ದೆಯಂತೆ ಅನುಮಾನ ಬರುವ ಹಾಗೆ ಸುಳಿದಾಡುವುದೇ ಅಪರಾಧವಾಗಿತ್ತು. ಮೊದಲು ಸಿಕ್ಕಿಬಿದ್ದವರು ಬಡವರು. 1970ರ ದಶಕದಲ್ಲಿ ಹೆಚ್ಚಾಗಿ ಕಪ್ಪು ಯುವಕರು. ಜನ ಆ ಕಾನೂನನ್ನು 'ಸಸ್' ('ಸಸ್ಪೆಕ್ಟೆಡ್', ಅಂದರೆ ಶಂಕಿತ, ಎಂಬುದರ ಮೊಟಕು) ಎನ್ನುತ್ತಿದ್ದರು. 1981ರ ಏಪ್ರಿಲಿನಲ್ಲಿ ದಕ್ಷಿಣ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಪೊಲೀಸರು ಒಂದು ವಾರದೊಳಗೆ ಸುಮಾರು 1,000 ಮಂದಿಯನ್ನು ತಡೆದರು. ಬೀದಿ ಹೊತ್ತಿ ಉರಿಯಿತು. ಅದೇ ವರ್ಷ 'ಸಸ್' ರದ್ದಾಯಿತು, 1984ರಲ್ಲಿ ಪೊಲೀಸರ ಅಧಿಕಾರಕ್ಕೆ ನಿಯಮ ಹಾಕುವ ಪೇಸ್ (PACE) ಕಾಯ್ದೆ ಬಂತು. ಇಂದು ನಿಮ್ಮ ಕೈಲಿರುವ ಹಕ್ಕುಗಳು ಬಹುಪಾಲು ಅದರವು.

ಹಾಗಾಗಿ ಪೊಲೀಸರು ಮೈ ತಪಾಸಣೆಗೆ ತಡೆದರೆ ಕಾರಣ ಕೇಳಿ. ಏನು ಹುಡುಕುತ್ತಿದ್ದಾರೆ, ತಮ್ಮ ಹೆಸರೇನು, ಯಾವ ಠಾಣೆ, ಎಲ್ಲವನ್ನೂ ಅವರೇ ಹೇಳಬೇಕು. ಸಮವಸ್ತ್ರ ಇಲ್ಲದವರು ಗುರುತಿನ ಚೀಟಿ ತೋರಿಸಬೇಕು. ಬೀದಿಯಲ್ಲಿ ಕೋಟು, ಜಾಕೆಟ್, ಕೈಗವಸಿಗಿಂತ ಹೆಚ್ಚು ತೆಗೆಯಲು ಒತ್ತಾಯಿಸುವಂತಿಲ್ಲ (ಮುಖ ಮುಚ್ಚಿದ್ದರೆ ನಿಯಮ ಬೇರೆ). ಬರೀ ತಪಾಸಣೆಯಾದರೆ ಹೆಸರು, ವಿಳಾಸ ಹೇಳಲೇಬೇಕೆಂದಿಲ್ಲ. ಗಾಡಿ ಓಡಿಸುತ್ತಿದ್ದರೆ ಮಾತ್ರ ಹೇಳಬೇಕು. ತಪಾಸಣೆಯ ದಾಖಲೆಯನ್ನು 3 ತಿಂಗಳೊಳಗೆ ಕೇಳಿ ಪಡೆಯಬಹುದು. ಬಂಧಿಸಿದರೆ ಠಾಣೆಯಲ್ಲಿ ವಕೀಲರು ಉಚಿತ; ದಯವಿಟ್ಟು ಬೇಡ ಎನ್ನಬೇಡಿ.

ಒಂದು ಎಚ್ಚರ: 'ಸೆಕ್ಷನ್ 60' (ಹಿಂಸಾಚಾರದ ಭಯವಿದ್ದಾಗ ಒಂದು ಜಾಗಕ್ಕೆ ಸ್ವಲ್ಪ ಕಾಲ ಪೊಲೀಸರಿಗೆ ಸಿಗುವ ವಿಶೇಷ ತಪಾಸಣೆ ಅಧಿಕಾರ) ಜಾರಿಯಲ್ಲಿರುವ ಜಾಗದಲ್ಲಿ ನಿಮ್ಮ ಮೇಲೆ ಅನುಮಾನ ಇಲ್ಲದಿದ್ದರೂ ತಡೆಯಬಹುದು. ವಾದ ಬೇಡ, ಓಡಬೇಡಿ. ದೂರು ಆಮೇಲೆ ಕೊಡಿ.

ಹದಿಹರೆಯದ ಮಕ್ಕಳನ್ನು ಕೂರಿಸಿಕೊಂಡು ಇಷ್ಟನ್ನೂ ಕನ್ನಡದಲ್ಲೇ ಹೇಳಿ. ಬೀದಿಯಲ್ಲಿ ತಡೆಯುವುದು ಹೆಚ್ಚಾಗಿ ಆ ವಯಸ್ಸಿನ ಹುಡುಗರನ್ನೇ.