ನಾಳಗಳು ನಿಂತ ದಿನ

ಮೊಟ್ಟೆಯೊಳಗಿನ ಪೊರೆಯ ಮೇಲೆ ಇಟ್ಟಿದ್ದ ಕಾಗದದ ಬಿಲ್ಲೆಯ ಸುತ್ತ ರಕ್ತನಾಳಗಳೇ ಇರಲಿಲ್ಲ. ನಾಳ ತಡೆಯುವ ವಸ್ತು ಸಿಕ್ಕೇಬಿಟ್ಟಿತು ಅಂತ ಕುಣಿದಾಡಿದೆ. ಆಮೇಲೆ ನೋಡಿದರೆ ಅದು ನನ್ನದೇ ಎಡವಟ್ಟು.

ಕ್ಯಾನ್ಸರ್ ಗೆಡ್ಡೆ ದೊಡ್ಡದಾಗಲು ಹೊಸ ರಕ್ತನಾಳ ಬೇಕು, ಅದನ್ನು ತಡೆದರೆ ಗೆಡ್ಡೆಯನ್ನೂ ಕಟ್ಟಿಹಾಕಬಹುದು ಎಂದು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲೇ ವಾದಿಸಿದ್ದರು. ಅಂಥ ತಡೆಗಳನ್ನು ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಹುಡುಕುವ ಆಸೆ ನನ್ನದು. ಆಸೆಗೆ ಆಧಾರವೂ ಇತ್ತು. ಈಸ್ಟರ್ ದ್ವೀಪದ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾ ಕೊಟ್ಟ ರಾಪಮೈಸಿನ್ ಮೊದಲು ಶಿಲೀಂಧ್ರನಾಶಕ ಎನಿಸಿಕೊಂಡಿತ್ತು, ಆಮೇಲೆ ಅಂಗಕಸಿಯ ಔಷಧಿಯಾಯಿತು, ನಾಳಗಳನ್ನೂ ತಡೆಯುತ್ತದೆ ಅಂತ ತಿಳಿದದ್ದು ಇನ್ನೂ ತಡವಾಗಿ.

ಮಣ್ಣನ್ನು ನೆರಳಲ್ಲಿ ಒಂದು ವಾರ ಒಣಗಿಸಿ, ಸ್ವಲ್ಪ ಬಿಸಿ ಮಾಡುತ್ತೇನೆ. ಅವಸರದ ಬ್ಯಾಕ್ಟೀರಿಯಾಗಳು ಬಹುಪಾಲು ಸಾಯುತ್ತವೆ, ಸ್ಟ್ರೆಪ್ಟೊಮೈಸಿಸ್‌ನ ಬೀಜಕಗಳು ತಡೆದುಕೊಳ್ಳುತ್ತವೆ. ಬೆಳೆಸಲು ಪಿಷ್ಟ ಮತ್ತು ಹಾಲಿನ ಪ್ರೋಟೀನ್ ಕೇಸಿನ್ ಹಾಕಿದ ಅಗರ್ ಎಂಬ ಜೆಲ್ಲಿ, ಬೂಷ್ಟು ಹಿಡಿಯದಂತೆ ನಿಸ್ಟಾಟಿನ್, 28 ಡಿಗ್ರಿ ಶಾಖ. ಇಷ್ಟಾದ ಮೇಲೆ ಬೇಕಾದದ್ದು ತಾಳ್ಮೆ. ಮೂರನೇ ದಿನಕ್ಕೆ ಪ್ಲೇಟ್ ಎಸೆಯುವವರಿಗೆ ಇವು ಸಿಗುವುದಿಲ್ಲ. ವಾರ ಕಳೆದ ಮೇಲೆ ಸುಣ್ಣದ ಪುಡಿ ಉದುರಿದಂಥ ಕಾಲೊನಿಗಳು ಏಳುತ್ತವೆ. ಅಗರ್‌ಗೆ ಎಷ್ಟು ಬಿಗಿಯಾಗಿ ಕಚ್ಚಿಕೊಂಡಿರುತ್ತವೆಂದರೆ ಎತ್ತುವ ತಂತಿಯ ಲೂಪ್ ಜಾರುತ್ತದೆ, ಕೆರೆದೇ ತೆಗೆಯಬೇಕು. ಮುಚ್ಚಳ ತೆಗೆದರೆ ಮೊದಲ ಮಳೆಯ ಘಮ. ಆ ಜಿಯೋಸ್ಮಿನ್ ವಾಸನೆ ಬಂದರೆ ನನಗೆ ಅರ್ಧ ಕೆಲಸ ಮುಗಿದ ಹಾಗೆ.

ಒಂದೊಂದನ್ನೂ ದ್ರವದಲ್ಲಿ ಏಳು ದಿನ ಕುಲುಕಿ ಬೆಳೆಸಿ, ಈಥೈಲ್ ಅಸಿಟೇಟ್ ಎಂಬ ದ್ರಾವಕದಿಂದ ಸಾರ ತೆಗೆದು, ಬಿಲ್ಲೆಗೆ ಹಚ್ಚಿ, ಎಂಟು ದಿನದ ಕೋಳಿ ಭ್ರೂಣದ ಪೊರೆಯ ಮೇಲೆ ಇಟ್ಟೆ. ನಾನು ಎಡವಿದ್ದು ಇಲ್ಲೇ. ಹೋಲಿಕೆಗೆ ಇಟ್ಟಿದ್ದು ಖಾಲಿ ಬಿಲ್ಲೆ, ಬರೀ ದ್ರಾವಕ ಹಚ್ಚಿ ಒಣಗಿಸಿದ್ದಲ್ಲ. ಮಾರನೇ ವಾರ ಅದನ್ನೂ ಇಟ್ಟು ನೋಡಿದೆ: ನಾಳಗಳು ಅಲ್ಲೂ ಮಾಯ! ಪೊರೆಯನ್ನು ಸುಟ್ಟಿದ್ದು ಪೂರ್ತಿ ಆರದೆ ಉಳಿದಿದ್ದ ಈಥೈಲ್ ಅಸಿಟೇಟ್.

ಬಿಲ್ಲೆಗಳನ್ನು ಸರಿಯಾಗಿ ಒಣಗಿಸಿದ ಮೇಲೂ ಒಂದು ಸಾರ ಮಾತ್ರ ನಾಳಗಳನ್ನು ನಿಲ್ಲಿಸಿತು. ಈ ಸಲ ಕುಣಿಯಲಿಲ್ಲ. ನಾಳಗಳ ಒಳಪದರದ ಕೋಶಗಳ ಜೊತೆಗೆ ಚರ್ಮದ ಕೋಶಗಳಿಗೂ ಹಾಕಿ ನೋಡಿದೆ. ಎರಡೂ ಒಂದೇ ಪ್ರಮಾಣದಲ್ಲಿ ಸತ್ತವು. ಎಲ್ಲವನ್ನೂ ಕೊಲ್ಲುವ ವಿಷ ನಾಳವನ್ನೂ ಕೊಲ್ಲುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ? ಅಣುಗಳ ತೂಕ ತೋರಿಸುವ ಮಾಸ್ ಸ್ಪೆಕ್ಟ್ರಮ್‌ನಲ್ಲಿ 467ರ ಹತ್ತಿರ ಗೆರೆ ಎದ್ದಿತು. ಶುದ್ಧ ಮಾದರಿಯ ಪಕ್ಕದಲ್ಲಿ ಓಡಿಸಿದಾಗ ಎರಡೂ ಹೊಂದಿದವು: ಸ್ಟಾರೊಸ್ಪೊರಿನ್. ಇದೂ ಸ್ಟ್ರೆಪ್ಟೊಮೈಸಿಸ್‌ನದೇ, 1977ರಿಂದ ಗೊತ್ತಿರುವುದು. ಕೋಶದ ಸಂಕೇತಗಳನ್ನು ಸಾಗಿಸುವ ಕೈನೇಸ್ ಎಂಬ ಕಿಣ್ವಗಳನ್ನು ಸಿಕ್ಕ ಸಿಕ್ಕಂತೆ ಅದುಮುವ ಅಣು.

ಈಗ ಕ್ರಮ ತಿರುವುಮುರುವು ಮಾಡಿದ್ದೇನೆ. ಮೊದಲು ಕೋಶಗಳ ಸಾವು, ಆಮೇಲೆ ಮಾಸ್, ಕೊನೆಗೆ ಮೊಟ್ಟೆ. ಇದರಿಂದ ಮೊಟ್ಟೆಗಳೂ ಉಳಿಯುತ್ತಿವೆ. ಕೋಶಗಳನ್ನು ಕೊಲ್ಲದೆ ಅವು ನಾಳದಂತೆ ಜೋಡಿಕೊಳ್ಳುವುದನ್ನಷ್ಟೇ ತಡೆದ ಸಾರ ಒಂದಿದೆ. ಅದನ್ನು ಮೂರು ಸಲ ಬೇರೆ ಬೇರೆಯಾಗಿ ಬೆಳೆಸಿ ನೋಡುವವರೆಗೆ ಯಾರಿಗೂ ಹೇಳುವುದಿಲ್ಲ ಅಂದುಕೊಂಡಿದ್ದೆ. ಎರಡು ಸಲ ಆಗಿದೆ.