ಎಟಿವಿಗೆ ಬ್ಲೇಡ್ ಕಟ್ಟಿ ತೋಟದ ಜಲ್ಲಿ ರಸ್ತೆ ನೋಡ್ಕೊಳ್ಳೋದು, ನನ್ನ ಅನುಭವ

ಕನಕಪುರ ರೋಡಲ್ಲಿ ಕಗ್ಗಲೀಪುರ ದಾಟಿದ್ಮೇಲೆ ನಮ್ದೊಂದು ಸಣ್ಣ ತೋಟ ಇದೆ, ಗೇಟಿಂದ ಮನೆವರೆಗೂ 400 ಅಡಿ ಉದ್ದ 10 ಅಡಿ ಅಗಲದ ಜಲ್ಲಿ ರಸ್ತೆ. ಬಂದೋರೆಲ್ಲ ಕಾಂಕ್ರೀಟ್ ಹಾಕ್ಸಿಬಿಡಿ ಅಂತಾರೆ, ನಂಗೆ ಬೇಡ, ಸರಿಯಾಗಿ ನೋಡ್ಕೊಂಡ್ರೆ ಜಲ್ಲಿ ರಸ್ತೆನೇ ಚೆನ್ನಾಗಿರುತ್ತೆ, ಮೇಲೆ ಬಿದ್ದ ನೀರೆಲ್ಲ ಪಕ್ಕದ ಮಾವಿನ ಸಾಲಿಗೇ ಹೋಗುತ್ತೆ.

ನಮ್ ಕಡೆ ಎಟಿವಿ ಅಂದ್ರೆ ರೆಸಾರ್ಟಲ್ಲಿ ಕೆಸರಲ್ಲಿ ಓಡ್ಸೋ ನಾಲ್ಕು ದಪ್ಪ ಟೈರಿನ ಗಾಡಿ ಅಂತ್ಲೇ ಜನಕ್ಕೆ ಗೊತ್ತಿರೋದು. ನಾನು ತಗೊಂಡಿದ್ದು ಗೊಬ್ಬರದ ಟ್ರೈಲರ್ ಎಳೆಯೋಕೆ, 570 ಸಿಸಿ, ಫೋರ್ ವ್ಹೀಲ್ ಡ್ರೈವ್, ಲೋ ಗೇರ್ ಇದೆ. ರಸ್ತೆ ಕೆಲಸಕ್ಕೆ ಅದರ ಹಿಂದೆ ಎಳೆಯೋ ಬ್ಲೇಡ್ ಫ್ರೇಮನ್ನ ಪೀಣ್ಯದಲ್ಲಿ ಒಬ್ಬರು ಫ್ಯಾಬ್ರಿಕೇಷನ್ ಅವರ ಹತ್ರ ಮಾಡಿಸ್ದೆ. ಎರಡು ಪಕ್ಕ ದಪ್ಪ ಎಂಎಸ್ ಚಾನೆಲ್ (ಕಬ್ಬಿಣದ ಪಟ್ಟಿ), ಅದು ನೆಲದ ಮೇಲೆ ಜಾರ್ಕೊಂಡು ಹೋಗುತ್ತೆ, ಮಧ್ಯೆ ಒಂದರ ಹಿಂದೆ ಒಂದು ಎರಡು ಬ್ಲೇಡು, ನಾಲ್ಕು ಅಡಿ ಅಗಲ. ಬ್ಲೇಡಿಗೆ ಹೊಸ ಪ್ಲೇಟ್ ಬೇಕಾಗಿಲ್ಲ, ಜೆಸಿಬಿ ಬಕೆಟ್ಟಿಂದ ಸವೆದು ಬಿಚ್ಚಿರೋ ಕಟಿಂಗ್ ಎಡ್ಜ್, ಅಂದ್ರೆ ನೆಲ ಕೆರೆಯೋ ಅಂಚಿನ ಪಟ್ಟಿ, ಗುಜರಿಲಿ ಸಿಗುತ್ತೆ, ಆ ಉಕ್ಕು ನಮ್ಮ ಕೆಲಸಕ್ಕೆ ವರ್ಷಗಟ್ಲೆ ಬರುತ್ತೆ. ಮುಖ್ಯವಾದ ವಿಷಯ ಏನಂದ್ರೆ ಬ್ಲೇಡನ್ನ ಓರೆಯಾಗಿ ಕೂರಿಸ್ಬೇಕು, ಎಡ ತುದಿ ಮುಂದೆ ಬಲ ತುದಿ ಹಿಂದೆ. "ಯಾಕ್ ಸಾರ್ ಸೊಟ್ಟಗೆ, ನೇರ ಹಾಕ್ಲಾ?" ಅಂದ್ರು ಅವರು, ಬೇಡಣ್ಣ ಹಿಂಗೇ ಇರ್ಲಿ ಅಂದೆ. ಹೋಗ್ತಾ ರಸ್ತೆಯ ಎಡಗಡೆ ಹೋಗಿ, ಬರ್ತಾನೂ ನಮ್ಮ ಎಡಗಡೆನೇ ಬಂದ್ರೆ ಎರಡು ಅಂಚಿಂದಾನೂ ಜಲ್ಲಿ ಬಲಕ್ಕೆ ಅಂದ್ರೆ ನಡುವಿಗೆ ಸರಿಯುತ್ತೆ, ರಸ್ತೆ ಬೆನ್ನು, ಅಂದ್ರೆ ನಡುವಿನ ಉಬ್ಬು, ತಾನಾಗೇ ಏಳುತ್ತೆ.

ಈ ಬೆನ್ನೇ ಎಲ್ಲಾ. ಬೆಂಗಳೂರಲ್ಲಿ ಮೇ ತಿಂಗಳ ಸಂಜೆ ಗುಡುಗು ಮಳೆ ಒಂದು ಗಂಟೆ ಸುರಿದ್ರೆ ಸಾಕು, ಸೆಪ್ಟೆಂಬರ್ ಅಕ್ಟೋಬರಲ್ಲಂತೂ ಕೇಳೋದೇ ಬೇಡ, ನೀರು ರಸ್ತೆ ಮೇಲೆ ಉದ್ದುದ್ದ ಹರಿಯೋಕೆ ಶುರುವಾದ್ರೆ ಸಣ್ಣ ಪುಡಿಯೆಲ್ಲ ಕೊಚ್ಕೊಂಡು ಹೋಗಿ ಬರೀ ಕಲ್ಲು ಉಳಿಯುತ್ತೆ. ಅದಕ್ಕೆ ಅಡಿಗೆ ಅರ್ಧ ಇಂಚಿನಷ್ಟು ಇಳಿಜಾರು ಬೇಕು, 10 ಅಡಿ ರಸ್ತೆಗೆ ನಡು ಅಂಚಿಗಿಂತ ಎರಡೂವರೆ ಇಂಚು ಎತ್ತರ. ಕಣ್ಣಳತೆ ನಂಬಬೇಡಿ. ಎರಡು ಅಂಚಿಗೂ ಒಂದೇ ಎತ್ತರದ ಗೂಟ ಹೊಡೆದು ನೈಲಾನ್ ದಾರ ಎಳೆದು ಟೇಪಲ್ಲಿ ನೋಡಿ, ಗೂಟದ ಹತ್ರ ದಾರದಿಂದ ನೆಲಕ್ಕೆ ಆರು ಇಂಚಿದ್ರೆ ನಡುವಲ್ಲಿ ಮೂರೂವರೆ ಇರ್ಬೇಕು.

ಆಮೇಲೆ ಸರಪಳಿ. ಫ್ರೇಮನ್ನ ಎಟಿವಿಗೆ ಕಟ್ಟೋ ಸರಪಳಿ ಗಿಡ್ಡ ಇದ್ರೆ ಮುಂಭಾಗ ಎತ್ಕೊಂಡು ಬ್ಲೇಡ್ ಮೇಲ್ಮೇಲೆ ಸವರುತ್ತೆ, ಉದ್ದ ಬಿಟ್ರೆ ನೆಲ ಕಚ್ಚುತ್ತೆ. ಇದೊಂದು ಕೈಗೆ ಕೂತ್ರೆ ಅರ್ಧ ಕೆಲಸ ಮುಗೀತು. ಇನ್ನೂ ಕಚ್ಚಬೇಕು ಅಂದ್ರೆ ಮೇಲೆ ಒಂದೆರಡು ಸೈಜುಗಲ್ಲು ಇಟ್ಟು ಕಟ್ತೀನಿ. ಗೇಟ್ ಹತ್ರ ಎಲ್ರೂ ಬ್ರೇಕ್ ಹಾಕೋ ಜಾಗದಲ್ಲಿ ಶೀಟಿನ ಥರ ಅಲೆ ಅಲೆ ಏಳುತ್ತಲ್ಲ, ಅಲ್ಲಿ ಸರಪಳಿ ಉದ್ದ ಬಿಟ್ಟು ಆ ಅಲೆಯ ತಳದವರೆಗೂ ಕೆತ್ತಲೇಬೇಕು. ತಗ್ಗಿಗೆ ಮೇಲೆ ಸಡಿಲ ಜಲ್ಲಿ ತುಂಬಿ ಸಪಾಟು ಮಾಡಿದ್ರೆ ಕೆಲವೇ ದಿನದಲ್ಲಿ ಅದೇ ಜಾಗದಲ್ಲಿ ಮತ್ತೆ ಏಳುತ್ತೆ. ಗುಂಡಿನೂ ಅಷ್ಟೇ, ಹಾರೆಲಿ ಅಂಚು ಕಿತ್ತು ಗಟ್ಟಿ ನೆಲ ಸಿಗೋವರೆಗೂ ತೆಗೆದು, ರಸ್ತೆಗೆ ಹಾಕಿರೋ ಜಲ್ಲಿ ಮಿಕ್ಸನ್ನೇ ಪದರ ಪದರವಾಗಿ ತುಂಬಿ ದಮ್ಮಸ್ಸು ಮಾಡ್ಬೇಕು.

ಯಾವಾಗ ಮಾಡೋದು ಅಂತ ಕೇಳ್ತಾರೆ, ಮಳೆ ನಿಂತ ಮಾರನೇ ದಿನ ಬೆಳಿಗ್ಗೆ. ಒಣಗಿದ್ರೆ ಬ್ಲೇಡ್ ಕಿರ್ ಅಂತ ಕಲ್ಲಿನ ಮೇಲೆ ಜಾರುತ್ತೆ, ಬರೀ ಧೂಳು. ಒಳಗೆ ತೇವ ಇರೋವಾಗ ಸದ್ದೇ ಬೇರೆ, ಮೆತ್ತಗೆ ಗರಗರ ಅಂತ, ಬ್ಲೇಡಿನ ಮುಂದೆ ಜಲ್ಲಿ ಸುರುಳಿ ಸುತ್ಕೊಂಡು ಬಲಕ್ಕೆ ಉರುಳ್ತಾ ಹೋಗೋದು ತಿರುಗಿ ನೋಡಿದ್ರೆ ಕಾಣುತ್ತೆ. ನಡಿಗೆಗಿಂತ ಸ್ವಲ್ಪ ಜೋರು ಹೋದ್ರೆ ಸಾಕು, ಸ್ಪೀಡ್ ಜಾಸ್ತಿಯಾದ್ರೆ ಫ್ರೇಮ್ ಕುಣಿದು ಅದೇ ಹೊಸ ಅಲೆ ಮಾಡುತ್ತೆ.

ಮೆಟೀರಿಯಲ್ ತರ್ಸೋವಾಗ ಕ್ರಷರಲ್ಲಿ ಬರೀ 20 ಎಂಎಂ ಜಲ್ಲಿ ಕೇಳ್ಬೇಡಿ ದಯವಿಟ್ಟು. ಒಂದೇ ಸೈಜಿನ ಕಲ್ಲು ಕಚ್ಕೊಳ್ಳಲ್ಲ, ಟೈರ್ ಕೆಳಗೆ ಉರುಳ್ತಾನೇ ಇರುತ್ತೆ. ವೆಟ್ ಮಿಕ್ಸ್ ಕೇಳಿ, ದಪ್ಪ ಜಲ್ಲಿಯಿಂದ ಹಿಡಿದು ಡಸ್ಟ್‌ವರೆಗೂ ಎಲ್ಲಾ ಇರುತ್ತೆ, ಒಡೆದ ಕಲ್ಲಿನ ಮೂಲೆ ಮೂಲೆ ಸೇರಿ ಗಟ್ಟಿಯಾಗುತ್ತೆ. ನಾನಂತೂ ಟಿಪ್ಪರ್ ಸುರಿಯೋಕೆ ಮುಂಚೆ ಒಂದು ಹಿಡಿ ಪುಡಿ ಮಿಕ್ಸ್ ತಗೊಂಡು ಮುಷ್ಟಿಲಿ ಒತ್ತಿ ನೋಡ್ತೀನಿ, ಉಂಡೆ ಸ್ವಲ್ಪ ಹೊತ್ತು ನಿಂತ್ರೆ ಸರಿ. ಲೆಕ್ಕ ಹೇಳ್ಬೇಕಂದ್ರೆ ನಮ್ಮ ರಸ್ತೆಗೆ ಎರಡು ಇಂಚು ಪದರಕ್ಕೆ 667 ಘನ ಅಡಿ, 100 ಘನ ಅಡಿಗೆ ಒಂದು ಯೂನಿಟ್ ಅಂದ್ರೆ ಆರೂಮುಕ್ಕಾಲು ಯೂನಿಟ್ ಹತ್ರ, ಒತ್ತಿದ್ಮೇಲೆ ಕೂರುತ್ತಲ್ಲ, ಎಂಟು ಯೂನಿಟ್ ತರಿಸಿದ್ರೆ ಸರಿಹೋಗುತ್ತೆ.

ಒತ್ತೋ ಕೆಲಸ ಎಟಿವಿ ಕೈಲಿ ಆಗಲ್ಲ ಅಂತ ತಿಳ್ಕೊಂಡಿರಿ, ಅದರ ಟೈರಲ್ಲಿ ಗಾಳಿ ಐದಾರು ಪಿಎಸ್‌ಐ ಅಷ್ಟೇ, ನೆಲಕ್ಕೆ ಭಾರ ಬೀಳಲ್ಲ. ಹೊಸ ಪದರ ಹಾಕಿದಾಗ ಸಣ್ಣ ರೋಲರ್ ಬಾಡಿಗೆಗೆ ತರಿಸ್ತೀನಿ, ಉಳಿದ ಟೈಮಲ್ಲಿ ಪಕ್ಕದ ತೋಟದವರ ಟ್ರ್ಯಾಕ್ಟರ್ ಲೋಡ್ ಸಮೇತ ಒಂದೆರಡು ಸಲ ಓಡಾಡಿದ್ರೆ ಸಾಕಾಗುತ್ತೆ.

ಅಂಚಲ್ಲಿ ಹುಲ್ಲು ಬೆಳೆದು ಸಣ್ಣ ಬದು ಥರ ಕಟ್ಕೊಳ್ಳುತ್ತೆ ನೋಡಿ, ಅದನ್ನ ಮುಂಗಾರಿಗೆ ಮುಂಚೆನೇ ಗುದ್ದಲಿಲಿ ಕಡಿದು ಚರಂಡಿಗೆ ದಾರಿ ಬಿಡ್ಸಿ, ಇಲ್ದಿದ್ರೆ ಎಷ್ಟು ಬೆನ್ನು ಎಬ್ಬಿಸಿದ್ರೂ ನೀರು ಅಲ್ಲೇ ನಿಲ್ಲುತ್ತೆ. ಗಾಡಿ ವಿಷ್ಯಕ್ಕೆ ಬಂದ್ರೆ ಎಳೆಯೋವಾಗ ಯಾವಾಗ್ಲೂ ಲೋ ಗೇರಲ್ಲೇ ಇರಿ, ಹೈನಲ್ಲಿ ನಿಧಾನಕ್ಕೆ ಭಾರ ಎಳೆದ್ರೆ ಇಂಜಿನ್ ಶಕ್ತಿನ ಚಕ್ರದ ಕಡೆ ಕಳಿಸೋ ಸಿವಿಟಿ ಬೆಲ್ಟ್ ಕಾದು ಸುಡುತ್ತೆ, ಕೆಲಸ ಮುಗಿದ ದಿನಾನೇ ಏರ್ ಫಿಲ್ಟರ್ ಬಿಚ್ಚಿ ಧೂಳು ನೋಡ್ಕೊಳ್ಳಿ.